ತಂಗಿ ಪಾಠ ಹೇಳಿದ ಪ್ರಿಟೋರಿಯಾ

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಎಂಬ ಊರಿನ ಬಗ್ಗೆ ನನಗೆ ತಿಳಿದಿರುವಷ್ಟು ಅಮೆರಿಕದ ಟೆಕ್ಸಸ್ಸಿನ ಈ ಪ್ಲೇನೋದಲ್ಲಿ ಇನ್ನಾರಿಗೂ ತಿಳಿದಿರಲಿಕ್ಕಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ. ಆ ಊರು ಬೆಟ್ಟದ ಸಾಲುಗಳ ನಡುವಿನ ಕಣಿವೆಯಲ್ಲಿದೆ. ದಕ್ಷಿಣಕ್ಕೆ ಎತ್ತರದ ಹುಲ್ಲುಗಾವಲು, ಉತ್ತರಕ್ಕೆ ಬಿಸಿಲಿನ ಕುರುಚಲು ಕಾಡು. ಊರ ನಡುವೆ ಹರಿಯುವ ಸಣ್ಣ ನದಿಯ ಹೆಸರಿಗೆ ಕೋತಿಮರಿಗಳ ಹೊಳೆ ಎಂದು ಅರ್ಥ. ಇಷ್ಟನ್ನು ಪುಸ್ತಕ ನೋಡದೆ ಒಪ್ಪಿಸಬಲ್ಲೆ. ಕಲಿಸಿದವಳು ನನ್ನ ತಂಗಿ, ಫೋನಿನಲ್ಲಿ, ಮೂರು ವರ್ಷ. ಕೊನೆಯ ಆರು ತಿಂಗಳು ಅವಳು ಆ ಊರಿನ ಪಾಠ ಹೇಳಿದ್ದು ತನಗೆ ಏನಾಗಿದೆ ಎಂಬುದನ್ನು ನನ್ನಿಂದ ಮುಚ್ಚಿಡಲು. ನಾನೇನು ಕಡಿಮೆಯವಳಲ್ಲ. ನಾನು ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡದು. ಅದನ್ನು ಬರೆದು ಮುಗಿಸಲೆಂದೇ ಕೂತಿದ್ದೇನೆ.

ತಂಗಿ ಮೈಸೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದಳು. ಅವಳ ಗಂಡ ಪಶುವೈದ್ಯ. ಪ್ರಿಟೋರಿಯಾದ ಉತ್ತರಕ್ಕೆ ದನಗಳ ರೋಗದ ಸಂಶೋಧನೆ ನಡೆಸುವ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿ 1999ರಲ್ಲಿ ಇಬ್ಬರೂ ಅಲ್ಲಿಗೆ ಹೋದರು. ಮಕ್ಕಳಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ನಾನು ನನ್ನ ಗಂಡನ ಟೆಲಿಕಾಂ ಸಾಫ್ಟ್‌ವೇರ್ ಕೆಲಸದ ಬೆನ್ನು ಹಿಡಿದು ಪ್ಲೇನೋ ಸೇರಿದ್ದೆ. ವಾರಕ್ಕೆರಡು ದಿನ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, ಬೆಳಗಿನ ಒಂಬತ್ತಕ್ಕೆ, ಫೋನ್ ಕಾರ್ಡಿನ ಉದ್ದನೆಯ ನಂಬರು ಒತ್ತುತ್ತಿದ್ದೆ. ಅಲ್ಲಿ ಆಗ ಸಂಜೆ ನಾಲ್ಕು ಗಂಟೆ.

ಕೆಲಸ ಬಿಟ್ಟರೂ ಟೀಚರಿಕೆ ಅವಳ ನಾಲಿಗೆಯಿಂದ ಇಳಿದಿರಲಿಲ್ಲ.

"ಮೊದಲು ಸ್ಥಾನ. ಆಮೇಲೆ ಮೇರೆಗಳು, ಮೇಲ್ಮೈ ಲಕ್ಷಣ, ವಾಯುಗುಣ. ಇತಿಹಾಸ ಕೊನೇಲಿ," ಎಂದಿದ್ದಳು ಮೊದಲ ವಾರವೇ.

"ಅಯ್ಯೋ ಮಾರಾಯ್ತಿ, ಅಡುಗೆಗೆ ಏನು ಸಿಗತ್ತೆ ಅಂತ ಹೇಳೇ ಮೊದಲು."

"ಅದು ವಾಣಿಜ್ಯ ಬೆಳೆಗಳು ಅನ್ನೋ ಪಾಠದಲ್ಲಿ ಬರತ್ತೆ. ಸುಮ್ನೆ ಕೇಳು."

ಪ್ರವಾಸಿಗರಿಗೆ ಕೊಡುವ ಊರಿನ ನಕ್ಷೆಯೊಂದನ್ನು ಅಂಚೆಯಲ್ಲಿ ಕಳಿಸಿದಳು. ತನ್ನ ಮನೆ ಇರುವ ಕಡೆ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದ್ದಳು. ನಾನು ಅದನ್ನು ದಿನಸಿ ಇಡುವ ಪ್ಯಾಂಟ್ರಿಯ ಬಾಗಿಲಿನ ಒಳಮೈಗೆ ಅಂಟಿಸಿ, ಅವಳು ಮಾತಾಡುವಾಗ ಬಾಗಿಲು ತೆರೆದು ನಿಂತು, ಬೆರಳಿಟ್ಟು ಅವಳ ಹಿಂದೆ ಹೋಗುತ್ತಿದ್ದೆ. ನನಗೆ ಬೇರೆ ನೋಟವಾದರೂ ಎಲ್ಲಿತ್ತು? ನಮ್ಮದು ಚಪ್ಪಟೆ ಊರು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದುದು ಮರದ ಬೇಲಿ, ಬೇಲಿಯಾಚೆ ಪಕ್ಕದವರ ಛಾವಣಿ, ಅದರಾಚೆ ಇನ್ನೊಂದು ಅಂಥದೇ ಛಾವಣಿ. ಅವಳ ಊರಿನಲ್ಲಿ ಬೆಟ್ಟಗಳಿದ್ದವು, ಗುಡಿಯಿತ್ತು, ಜಗಳಗಳಿದ್ದವು.

ಎತ್ತಿನ ಗಾಡಿಗಳಲ್ಲಿ ದಕ್ಷಿಣದಿಂದ ಬಂದ ಬಿಳಿಯ ರೈತರು 1855ರಲ್ಲಿ ಆ ಊರು ಕಟ್ಟಿದರಂತೆ. ಕಟ್ಟಿದವನು ಅದಕ್ಕೆ ತನ್ನ ಅಪ್ಪನ ಹೆಸರಿಟ್ಟ. ಅವರದೇ ಒಂದು ಗಣರಾಜ್ಯ ಇತ್ತು, ಇಂಗ್ಲಿಷರು ಯುದ್ಧ ಮಾಡಿ ಕಿತ್ತುಕೊಂಡರು. ನಮ್ಮ ಟೆಕ್ಸಸ್ ಕೂಡ ಕೆಲ ಕಾಲ ಸ್ವತಂತ್ರ ದೇಶವಾಗಿತ್ತೆಂದು ನಾನು ಹೇಳಿದಾಗ ತಂಗಿಗೆ ಖುಷಿಯೋ ಖುಷಿ. "ಹಾಗಾದ್ರೆ ನಾವಿಬ್ರೂ ಬೇರೆಯವರ ಗಣರಾಜ್ಯಕ್ಕೆ ಸೊಸೆಯಾಗಿ ಬಂದವರು," ಎಂದಳು. ಮೂರು ರಾಜಧಾನಿಗಳ ಸಂಗತಿಯನ್ನಂತೂ ರಸವತ್ತಾಗಿ ಹೇಳಿದ್ದಳು. "ಯಾರಿಗೂ ಬೇಜಾರಾಗಬಾರದು ಅಂತ ಭಾಗ ಮಾಡ್ಕೊಂಡಿದಾರೆ ಅಕ್ಕ. ಆಡಳಿತ ನಮ್ಮೂರಿಗೆ, ಪಾರ್ಲಿಮೆಂಟು ಕೇಪ್ ಟೌನಿಗೆ, ದೊಡ್ಡ ಕೋರ್ಟು ಬ್ಲೂಮ್‌ಫಾಂಟೇನಿಗೆ." ಅಂದು ಸ್ಕೂಲಿಗೆ ರಜೆಯಿದ್ದು, ಸ್ಪೀಕರ್ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾ ಟೆಕ್ಸಸ್ಸಿನ ರಾಜಧಾನಿ ಆಸ್ಟಿನ್ ನಗರದ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ನನ್ನ ಎರಡನೇ ಕ್ಲಾಸಿನ ಮಗಳು ತಲೆಯೆತ್ತಿ, "ದೆನ್ ಹೂ ಈಸ್ ದ ಬಾಸ್?" ಎಂದು ಕೇಳಿದಳು. ಆ ಪ್ರಶ್ನೆ ಸಿಲಬಸ್ಸಿನಲ್ಲಿಲ್ಲ ಎಂದು ಟೀಚರಮ್ಮ ತೀರ್ಪು ಕೊಟ್ಟರು.

ಅವಳು ಮನೆ ಮಾಡಿದ್ದು ಲಾಡಿಯಮ್ ಎಂಬಲ್ಲಿ, ನಕ್ಷೆಯ ಪಶ್ಚಿಮದ ಅಂಚಿನಲ್ಲಿ. ತೊಗರಿಬೇಳೆ, ಹಿಂಗು ಸಿಗುತ್ತದೆಂದು ಆ ಜಾಗ ಹಿಡಿದಿದ್ದರು. ಭಾರತೀಯರು ಅಲ್ಲಿಗೆ ತಾವಾಗಿ ಹೋದವರಲ್ಲ. ಬಿಳಿಯರ ಸರ್ಕಾರ ಊರ ನಡುವಿನ ಮರಾಬಾಸ್ಟಾಡ್‌ನಿಂದ ಅವರನ್ನು ಎಬ್ಬಿಸಿ ಲಾಡಿಯಮ್‌ಗೆ, ಕಪ್ಪು ಜನರನ್ನು ಇನ್ನೊಂದು ಕಡೆಗೆ ಸಾಗಹಾಕಿತ್ತು. ತಮಿಳರು ಕಟ್ಟಿದ್ದ ಮಾರಿಯಮ್ಮನ ಗುಡಿ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. "ದೇವಿ ಒಬ್ಬಳೇ ಉಳ್ಕೊಂಡ್ಲು ಅಕ್ಕ, ಮಕ್ಕಳೆಲ್ಲಾ ದೂರ," ಎಂದಿದ್ದಳು.

2002ರ ಮಾರ್ಚಿನಿಂದ ಪಾಠ ಬದಲಾಯಿತು. ಮನೆಯ ಫೋನು ಕೆಟ್ಟಿದೆ, ಮೊಬೈಲಿಗೇ ಮಾಡು ಎಂದಳು. ಅವಳು ಊರು ತಿರುಗುವುದು ನಿಂತುಹೋಗಿತ್ತು. ಇತಿಹಾಸವೆಲ್ಲ ಪುಸ್ತಕ ನೋಡಿ ಓದಿದ ಹಾಗಿರುತ್ತಿತ್ತು. ಅದರ ನಡುವೆ ಒಂದು ನೋಟ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಯೂನಿಯನ್ ಬಿಲ್ಡಿಂಗ್ಸ್ ಎಂದು ಕರೆಯುವ ಅಲ್ಲಿನ ಸರ್ಕಾರಿ ಕಟ್ಟಡ ಬೆಟ್ಟದ ಇಳಿಜಾರಿನಲ್ಲಿದೆ. ಉದ್ದಕ್ಕೆ ಬಾಗಿದ ಕಟ್ಟಡ, ಎರಡು ಗೋಪುರ, ಕೆಳಗೆ ಮೆಟ್ಟಿಲು ಮೆಟ್ಟಿಲಾದ ತೋಟ.

"ಇವತ್ತು ತೋಟದಲ್ಲಿ ಹುಲ್ಲು ಕತ್ತರಿಸ್ತಾ ಇದಾರೆ ಅಕ್ಕ."

ಇನ್ನೊಂದು ದಿನ, "ಮದುವೆ ಜೋಡಿ ಬಂದಿದೆ, ಫೋಟೋ ತೆಗೆಸ್ಕೊಳ್ತಾ ಇದಾರೆ. ಹುಡುಗಿ ಬಿಳಿ ಬಟ್ಟೇನ ಎತ್ಕೊಂಡು ಮೆಟ್ಟಿಲು ಹತ್ತಕ್ಕೆ ಒದ್ದಾಡ್ತಾ ಇದಾಳೆ."

"ದಿನಾ ಅಲ್ಲೇ ವಾಕಿಂಗ್ ಹೋಗ್ತೀಯೇನೇ?"

"ಹ್ಞೂಂ. ಚೆನ್ನಾಗಿರತ್ತೆ. ಇಲ್ಲಿ ಸೂರ್ಯ ಉತ್ತರದಲ್ಲಿ ಹೋಗ್ತಾನೆ ಗೊತ್ತಾ? ಬಲಗಡೆಯಿಂದ ಎಡಗಡೆಗೆ. ಈಗ ನೋಡು, ಎಡಗಡೆ ಇಳೀತಾ ಇದಾನೆ, ಗೋಪುರದ ಮೇಲೆಲ್ಲಾ ಬಣ್ಣ."

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಫೋನಿಟ್ಟ ಮೇಲೂ ನಾನು ನಕ್ಷೆಯ ಮುಂದೆ ನಿಂತೇ ಇದ್ದೆ. ಗೋಪುರಗಳನ್ನು ನೋಡುವವಳಿಗೆ ಸೂರ್ಯ ಎಡಕ್ಕೆ ಮುಳುಗಿದರೆ ಅವಳ ಮುಖ ಉತ್ತರಕ್ಕಿರಬೇಕು. ಅಂದರೆ ಅವಳು ಕಟ್ಟಡದ ದಕ್ಷಿಣಕ್ಕಿದ್ದಾಳೆ. ವಾಕಿಂಗ್ ಹೋದವಳು ನಡೆಯುತ್ತಾಳೆ, ನೋಟ ಬದಲಾಗುತ್ತದೆ, ಉಸಿರು ಏರುತ್ತದೆ, ಪಕ್ಕದಲ್ಲಿ ಕಾರು ಹೋಗುತ್ತದೆ. ಇವಳ ನೋಟ ಎರಡು ತಿಂಗಳಿಂದ ಒಂದು ಗೇಣು ಅಲುಗಿರಲಿಲ್ಲ. ಮಳೆ ಬಂದ ದಿನವೂ ಅವಳಿಗೆ ಆ ತೋಟ ಕಾಣುತ್ತಿತ್ತು. ಅದು ಕಿಟಕಿ. ಲಾಡಿಯಮ್‌ನ ಯಾವ ಕಿಟಕಿಯಿಂದಲೂ ಅದು ಕಾಣಲು ಸಾಧ್ಯವಿಲ್ಲ. ನಾನು ಗೋಪುರಗಳ ಗುರುತಿನಿಂದ ಬೆರಳನ್ನು ನೇರ ಕೆಳಗೆ ತಂದೆ. ಎರಡು ಬೀದಿ ದಾಟುವಷ್ಟರಲ್ಲಿ ನಕ್ಷೆಯ ಮೇಲೆ ಆಸ್ಪತ್ರೆಯ ಚಿಹ್ನೆ ಇತ್ತು. ಅಕ್ಕಿ ಮೂಟೆಯ ಮೇಲೆಯೇ ಕುಸಿದು ಕೂತೆ.

ಅವಳ ಗಂಡನ ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಯಾರೋ ಅವರನ್ನು ಫೋನಿಗೆ ಕರೆದುಕೊಂಡು ಬಂದರು.

"ಅವಳು ಯಾವ ಆಸ್ಪತ್ರೇಲಿದಾಳೆ?" ಎಂದೆ. ಹೇಗಿದ್ದೀರಿ ಎಂದೂ ಕೇಳಲಿಲ್ಲ.

"ಯಾರು ಹೇಳಿದ್ರು ಅಕ್ಕ ನಿಮಗೆ?" ಎಂದರು.

ಹೊಟ್ಟೆಯಲ್ಲಿ ಗಡ್ಡೆ. ಲಿವರಿಗೂ ಹರಡಿತ್ತು. ಮಾರ್ಚಿನಿಂದ ಅಲ್ಲೇ ಇರಿಸಿಕೊಂಡಿದ್ದರು. ಡಾಕ್ಟರು ವರ್ಷದ ಮಾತಾಡುತ್ತಿರಲಿಲ್ಲ, ತಿಂಗಳ ಮಾತಾಡುತ್ತಿದ್ದರು. "ಅವಳಿಗೆ ಅಲ್ಸರ್ ಅಂತ ಹೇಳಿದೀನಿ. ನಿಮಗೆ ಹೇಳಬೇಡಿ ಅಂತ ಅವಳೇ ಆಣೆ ಹಾಕಿಸ್ಕೊಂಡಿದಾಳೆ, ಗ್ರೀನ್ ಕಾರ್ಡಿನ ಸಮಯದಲ್ಲಿ ಎದ್ದು ಬಂದುಬಿಡ್ತಾಳೆ, ಎಲ್ಲಾ ಹಾಳಾಗತ್ತೆ ಅಂತ. ಇಪ್ಪತ್ತು ವರ್ಷ ದನಗಳಿಗೆ ಚಿಕಿತ್ಸೆ ಮಾಡಿದೆ ಅಕ್ಕ, ಒಂದಕ್ಕೂ ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ," ಎಂದು ಅತ್ತರು. ಮೈಸೂರಿನಲ್ಲಿ ಅಮ್ಮನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ತಂಗಿಯ ಲೆಕ್ಕ ತಪ್ಪಿರಲಿಲ್ಲ. ಹಿಂದಿನ ವರ್ಷ ನಾವು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೆವು. ನನಗೆ ಕೆಲಸದ ಪರವಾನಗಿ ಬಂದು, ಮಧ್ಯಾಹ್ನ ಒಂದು ಡೇಕೇರ್‌ನಲ್ಲಿ ಮಕ್ಕಳನ್ನು ಮಲಗಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಇನ್ನು ಪ್ರಯಾಣದ ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ನಾನೇ ಕೈಬಿಟ್ಟಂತೆ. ವಾಪಸ್ ಬರಲು ದಾರಿಯಿಲ್ಲ. ಗಂಡ, ಮಗಳು ಈ ಕಡೆ, ನಾನು ಆ ಕಡೆ. ನನ್ನ ಗಂಡನ ಆಫೀಸಿನಲ್ಲಿ ಪ್ರತಿ ಶುಕ್ರವಾರ ಯಾರಾದರೊಬ್ಬರು ಕೆಲಸ ಕಳೆದುಕೊಂಡು ರಟ್ಟಿನ ಡಬ್ಬ ಹಿಡಿದು ಹೊರಗೆ ನಡೆಯುತ್ತಿದ್ದ ಕಾಲ ಅದು.

"ಹೋಗು ಅನ್ನೋಕೆ ನನಗೆ ಧೈರ್ಯ ಇಲ್ಲ. ಹೋಗಬೇಡ ಅನ್ನೋಕೆ ಮುಖ ಇಲ್ಲ," ಎಂದರು ನನ್ನ ಗಂಡ. ಅವರ ಮೇಲೆ ಕೂಗಾಡಿದೆ. ಪಾಪ, ಬೇರೆ ಯಾರ ಮೇಲೆ ಕೂಗಾಡಲಿ? ಮರುದಿನವೇ ಅನುಮತಿ ಪತ್ರಕ್ಕೆ ಅರ್ಜಿ ಕಳಿಸಿದೆವು. ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದರು ವಕೀಲರು. ತಂಗಿ ಆಸ್ಪತ್ರೆಯಲ್ಲಿದ್ದಾಳೆ, ಬೇಗ ಕೊಡಿ ಎಂದು ಬರೆದೆವು. ಉತ್ತರ ಬರಲಿಲ್ಲ.

ತಂಗಿಗೆ ನಾನು ಹೇಳಿದ್ದು ಬೇರೆ. "ನಿನ್ನೂರು ನೋಡಬೇಕು ಅನ್ನಿಸ್ತಿದೆ ಕಣೇ. ಟ್ರಾವೆಲ್ ಪರ್ಮಿಟ್‌ಗೆ ಹಾಕಿದೀನಿ."

ಅವಳ ದನಿ ಒಮ್ಮೆಲೇ ಏರಿತು. "ನಿಜವಾಗ್ಲೂ? ಯಾವಾಗ ಬರತ್ತಂತೆ?" ಎಂದಳು. ಮರುಕ್ಷಣ ತಗ್ಗಿಸಿಕೊಂಡು, "ಅವಸರ ಇಲ್ಲ ಬಿಡು. ಅಕ್ಟೋಬರಿಗೆ ಬಾ, ಜಕರಂಡ ಬಿಡತ್ತೆ. ಬೆಂಗಳೂರಲ್ಲಿ ಮಾರ್ಚಿಗೆ, ಇಲ್ಲಿ ಅಕ್ಟೋಬರಿಗೆ. ಬೀದಿ ಬೀದಿಯೆಲ್ಲಾ ನೇರಳೆ ಬಣ್ಣ," ಎಂದಳು. ಆ ಮರಗಳೂ ಅಲ್ಲಿಯವಲ್ಲ, ದಕ್ಷಿಣ ಅಮೆರಿಕದಿಂದ ತಂದು ನೆಟ್ಟವು ಎಂದು ಪಾಠ ಮುಂದುವರಿಸಿದಳು.

ಮೇ, ಜೂನ್ ಎರಡು ತಿಂಗಳು ನಾನು ಬದುಕಿದ್ದು ಅಂಚೆ ಪೆಟ್ಟಿಗೆಯ ಸುತ್ತ. ನಮ್ಮ ಬೀದಿಯವರಿಗೆಲ್ಲ ತಿರುವಿನಲ್ಲಿ ಒಂದೇ ಕಡೆ ಸಾಲಾಗಿ ಪೆಟ್ಟಿಗೆಗಳಿದ್ದವು. ಅಂಚೆ ಗಾಡಿ ಹನ್ನೊಂದಕ್ಕೆ ಬರುತ್ತಿತ್ತು. ಹತ್ತೂವರೆಗೇ ಹೋಗಿ ಬಿಸಿಲಿನಲ್ಲಿ ನಿಲ್ಲುತ್ತಿದ್ದೆ. ಟೆಕ್ಸಸ್ಸಿನ ಜೂನ್ ಬಿಸಿಲು ತಲೆಯ ಮೇಲೆ ಕಾದ ಹೆಂಚು ಇಟ್ಟ ಹಾಗೆ. ಪಿಜ್ಜಾ ಕೂಪನ್ನು, ಕಾರ್ಪೆಟ್ ತೊಳೆಯುವವರ ಜಾಹೀರಾತು, ಯಾರದೋ ಚುನಾವಣೆಯ ಕಾಗದ. ಒಂದು ದಿನ ಅವನ್ನೆಲ್ಲ ಅಲ್ಲೇ ಹರಿದು ಎಸೆದೆ. ಗಾಡಿಯವಳು ನನ್ನನ್ನು ನೋಡಿ ಏನೂ ಹೇಳದೆ ಹೋದಳು. ಅನುಮತಿ ಕೊಡುವ ಆಫೀಸು ಇದ್ದದ್ದು ಡ್ಯಾಲಸ್‌ನಲ್ಲೇ, ನಮ್ಮ ಮನೆಯಿಂದ ಅರ್ಧ ಗಂಟೆಯ ಡ್ರೈವ್. ಎರಡು ಸಲ ಹೋಗಿ ಕಾರಿನಲ್ಲಿ ಕೂತು ಆ ಕಟ್ಟಡವನ್ನು ನೋಡಿ ಬಂದೆ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ನನ್ನ ತಂಗಿಯ ದಿನಗಳು ಅಲ್ಲಿ ಯಾರದೋ ಮೇಜಿನ ಮೇಲೆ ಕಾಗದಗಳ ಅಡಿಯಲ್ಲಿವೆ ಎಂದು ಹಲ್ಲು ಕಚ್ಚುತ್ತಿದ್ದೆ.

ಜುಲೈ ಎರಡನೆಯ ವಾರ ಅದು ಬಂತು. ಒಂದು ಹಾಳೆ, ಮೇಲೆ ನನ್ನ ಫೋಟೋ, ಅಂಚಿನಲ್ಲಿ ಮುದ್ರೆ. ಲಕೋಟೆ ಹಿಡಿದು ಬೀದಿಯಲ್ಲಿ ಓಡಿ ಬಂದೆ. ನಡುವಯಸ್ಸಿನ ಹೆಂಗಸು ಓಡುವುದನ್ನು ನೋಡಿ ಪಕ್ಕದ ಮನೆಯ ನಾಯಿ ಬೊಗಳಿತು. ಮೊದಲು ಫೋನ್ ಮಾಡಿದ್ದು ಅಮ್ಮನಿಗೆ. ಅದೇ ನಾನು ಮಾಡಿದ ತಪ್ಪು.

"ನಾಳೆಯೇ ಟಿಕೆಟ್ ಮಾಡಿಸ್ತೀನಿ," ಎಂದೆ.

"ಈಗ್ಲೇ ಹೋಗ್ತೀಯಾ? ಅಕ್ಟೋಬರಿಗೆ ಅಂತ ಅವಳು ಹೇಳಿದಾಳಲ್ಲ?"

"ಅಕ್ಟೋಬರಿಗೆ ಅವಳು ಇರ್ತಾಳಾ ಅಮ್ಮ?"

"ಬಿಡ್ತು ಅನ್ನು! ಕೇಳಿಲ್ಲಿ. ನಿಮ್ಮಪ್ಪಂಗೆ ಆಗಿದ್ದು ಮರೆತೆಯಾ?"

ಮರೆತಿರಲಿಲ್ಲ. ಅಪ್ಪ ಕೃಷ್ಣರಾಜ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೂ ಯಾರೂ ಏನೂ ಹೇಳಿರಲಿಲ್ಲ. ಆದರೆ ಕಾಗದ ಹೋಗಿ ನೆಂಟರೆಲ್ಲ ಹೊರಟರು. ಶಿವಮೊಗ್ಗದ ದೊಡ್ಡಪ್ಪ, ಪುಣೆಯ ಅತ್ತೆ, ಮಾತು ಬಿಟ್ಟಿದ್ದ ಚಿಕ್ಕಪ್ಪ. ಒಬ್ಬೊಬ್ಬರಾಗಿ ಬಾಗಿಲಲ್ಲಿ ಕಾಣಿಸಿಕೊಂಡರು, ಎಲ್ಲರ ಕೈಯಲ್ಲೂ ಮೋಸಂಬಿ. ಅಪ್ಪ ಚಿಕ್ಕಪ್ಪನನ್ನು ನೋಡಿ, "ನೀನೂ ಬಂದೆಯಾ? ಹಾಗಾದ್ರೆ ಆಯ್ತು," ಎಂದು ಗೋಡೆಯ ಕಡೆ ತಿರುಗಿದರು. ಆಮೇಲೆ ಅನ್ನ ಮುಟ್ಟಲಿಲ್ಲ. ಹದಿನಾಲ್ಕು ವರ್ಷದ ತಂಗಿ ಆಗ ಅಲ್ಲೇ ಮಂಚದ ಕಾಲ ಬಳಿ ನಿಂತಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಾನೂನಿನ ಹಾಗೆ ಆಗಿಬಿಟ್ಟಿತ್ತು. ಕಾಯಿಲೆಯವರ ಹತ್ತಿರ ದೂರದವರು ಧಿಡೀರನೆ ಹೋಗಬಾರದು. ಹೋದರೆ ಹೇಳಿದ ಹಾಗೇ ಆಯಿತು.

"ಅಮೆರಿಕದಿಂದ ನೀನು ಕೆಲಸ, ಮಗು ಎಲ್ಲಾ ಬಿಟ್ಟು ಹೋಗಿ ನಿಂತ್ರೆ ಅವಳಿಗೆ ಅರ್ಥ ಆಗಲ್ವೇನೇ? ಅಲ್ಸರ್ ಅಂತ ನಂಬ್ಕೊಂಡು ಹೇಗೋ ಗಂಜಿ ಕುಡೀತಾ ಇದಾಳೆ. ಅದನ್ನೂ ಬಿಡಿಸ್ತೀಯಾ? ಅಕ್ಟೋಬರಿಗೇ ಹೋಗು. ಅಷ್ಟರಲ್ಲಿ ದೇವರು ಕಣ್ಣು ಬಿಟ್ರೂ ಬಿಡಬಹುದು. ಪತ್ರ ಬಂತು ಅಂತ ಅವಳಿಗೆ ಹೇಳಬೇಡ, ಈಗ್ಲೇ ಯಾಕೆ ಬರಲ್ಲ ಅಂತ ಕೇಳಿದ್ರೆ ಏನು ಹೇಳ್ತೀಯಾ? ಅವಳ ಗಂಡಂಗೂ ಹೇಳಬೇಡ, ಬಾಯಿ ತಪ್ಪಿ ಅಂದುಬಿಡ್ತಾರೆ."

ಅಮ್ಮನ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಒಪ್ಪಿದವಳು ನಾನು. ನನಗೆ ನಲವತ್ತೆರಡು ವರ್ಷ ವಯಸ್ಸಾಗಿತ್ತು, ಕಾರು ಓಡಿಸುತ್ತಿದ್ದೆ, ವಕೀಲರ ಹತ್ತಿರ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದೆ. ಆದರೂ ಗೋಡೆಯ ಕಡೆ ತಿರುಗಿದ ಅಪ್ಪನ ಬೆನ್ನು ಕಣ್ಣ ಮುಂದೆ ಬಂದ ಕೂಡಲೇ ಟಿಕೆಟ್ಟಿನ ಮಾತು ಬಾಯಲ್ಲೇ ಉಳಿಯಿತು. ಇನ್ನೂ ಒಂದು ನಿಜ ಇದೆ. ಅವಳನ್ನು ಆ ಸ್ಥಿತಿಯಲ್ಲಿ ನೋಡಲು ನನಗೆ ಭಯವಿತ್ತು. ಫೋನಿನಲ್ಲಿ ಅವಳು ಇನ್ನೂ ಟೀಚರಾಗಿದ್ದಳು. ಪತ್ರವನ್ನು ಪಾಸ್‌ಪೋರ್ಟಿನೊಳಗೆ ಮಡಚಿಟ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ.

ಆ ವಾರದ ಫೋನಿನಲ್ಲಿ ಅವಳು ಕೇಳಿದ ಮೊದಲ ಮಾತೇ, "ಬಂತಾ ಅಕ್ಕ ಆ ಕಾಗದ?"

"ಇಲ್ಲ ಕಣೇ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಒಂದು ಉಗುಳನ್ನೂ ನುಂಗಲಿಲ್ಲ.

"ಬರತ್ತೆ ಬಿಡು. ಸರ್ಕಾರಿ ಕೆಲಸ. ಇಲ್ಲೂ ಹಾಗೇ, ಇಷ್ಟು ದೊಡ್ಡ ಕಟ್ಟಡ ಕಟ್ಟಿ ಕೂತಿದಾರೆ, ಒಂದು ಸಹಿ ಆಗಬೇಕಾದ್ರೆ ತಿಂಗಳು."

ಮುಂದಿನ ವಾರ ಮತ್ತೆ ಕೇಳಿದಳು. ಅದರ ಮುಂದಿನ ವಾರವೂ. ಪ್ರತಿ ಸಲ ಇಲ್ಲ ಎಂದೆ. ಒಂದು ಸಲ, "ಅಲ್ಲಿ ಯಾರಾದ್ರೂ ದೊಡ್ಡವರಿಗೆ ಹೇಳಿಸೋಕಾಗಲ್ವಾ?" ಎಂದಳು. ಯಾರ ಹತ್ತಿರವೂ ಏನನ್ನೂ ಕೇಳಿಕೊಳ್ಳದ ಹುಡುಗಿ ಅವಳು. ಆಗಲಾದರೂ ನನ್ನ ಮಂದ ಬುದ್ಧಿಗೆ ಹೊಳೆಯಬೇಕಿತ್ತು. ಜಕರಂಡ ಹೂವು ನೋಡಲು ಅಕ್ಕ ಬರುವುದಕ್ಕೆ ಯಾರೂ ಹೀಗೆ ಅಂಗಲಾಚುವುದಿಲ್ಲ.

ಆಗಸ್ಟಿನಲ್ಲಿ ಅಕ್ಟೋಬರಿನ ಪ್ರಯಾಣಕ್ಕೆಂದು ಪಾಸ್‌ಪೋರ್ಟ್ ಕಳಿಸಿ ದಕ್ಷಿಣ ಆಫ್ರಿಕಾದ ವೀಸಾ ಮಾಡಿಸಿಟ್ಟುಕೊಂಡೆ. ಅದನ್ನೂ ಯಾರಿಗೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವಳ ದನಿ ಫೋನಿನ ತಳದಿಂದ ಬರುವ ಹಾಗಾಗಿತ್ತು. ಎರಡು ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು. ಗಂಟಲು ಕಟ್ಟಿದೆ ಎನ್ನುತ್ತಿದ್ದಳು. ಶೀತಕ್ಕೆ ಶುಂಠಿ ಕಷಾಯ ಕುಡಿ ಎಂದು ನಾನು ಹೇಳುತ್ತಿದ್ದೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಲಿವರು ಹೋದವಳಿಗೆ ಶುಂಠಿ ಕಷಾಯ.

ಒಂದು ದಿನ, "ಇವತ್ತು ನೀನು ಪಾಠ ಹೇಳು ಅಕ್ಕ. ಎಷ್ಟು ಕಲಿತಿದೀಯ ನೋಡೋಣ," ಎಂದಳು.

ಪ್ಯಾಂಟ್ರಿಯ ಬಾಗಿಲು ತೆರೆದು ನಿಂತು ಹೇಳಿದೆ. ಸ್ಥಾನ, ಮೇರೆಗಳು, ಬೆಟ್ಟದ ಸಾಲು. ದಕ್ಷಿಣದ ಕಣಿವೆಯ ಬುಗ್ಗೆಗಳಿಂದ ಹುಟ್ಟಿ ಊರೊಳಗೆ ಸಿಮೆಂಟಿನ ಕಾಲುವೆಯಲ್ಲಿ ಹರಿಯುವ ಕೋತಿಮರಿಗಳ ಹೊಳೆ. ಗಾಡಿಗಳಲ್ಲಿ ಬಂದವರು. ಇಂಗ್ಲಿಷರು. 1910ರಲ್ಲಿ ರಾಜಧಾನಿ ಮೂರು ಭಾಗವಾದದ್ದು. ಎರಡು ಗೋಪುರಗಳು ಎರಡು ಭಾಷೆಗಳ ಗುರುತು ಎಂಬುದು, ಆ ಎರಡರಲ್ಲೂ ಅಲ್ಲಿನ ಮೂಲ ಜನರ ಭಾಷೆ ಇಲ್ಲ ಎಂಬುದು. ಕೊನೆಗೆ 1994ರಲ್ಲಿ ಅದೇ ಕಟ್ಟಡದ ಮೆಟ್ಟಿಲ ಮೇಲೆ ಮೊದಲ ಕಪ್ಪು ಅಧ್ಯಕ್ಷರು ಪ್ರಮಾಣ ತೆಗೆದುಕೊಂಡದ್ದು. ಆ ಕಡೆ ಅವಳ ಉಸಿರು ಮಾತ್ರ ಕೇಳುತ್ತಿತ್ತು.

"ವಾಯುಗುಣ ಬಿಟ್ಟೆ," ಎಂದಳು ಮೆಲ್ಲಗೆ. ಆಮೇಲೆ, "ಆದ್ರೂ ಪಾಸು," ಎಂದಳು. ಮತ್ತೆ ಅದೇ ಪ್ರಶ್ನೆ, ಬಂತಾ ಎಂದು. ಮತ್ತೆ ಅದೇ ಉತ್ತರ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಫೋನು ತಾನಾಗಿ ಹೊಡೆದುಕೊಂಡಿತು. ನಾನು ಮಗಳ ತಲೆ ಬಾಚುತ್ತಿದ್ದೆ. ತಂಗಿಯ ಗಂಡ. "ಹೋಗ್ಬಿಟ್ಲು ಅಕ್ಕ," ಎಂದರು, ಅಷ್ಟೇ. ಅಕ್ಟೋಬರಿಗೆ ಹತ್ತು ದಿನ ಉಳಿದಿತ್ತು. ನಾನು ಬಾಚಣಿಗೆ ಹಿಡಿದೇ ನೆಲದ ಮೇಲೆ ಕೂತೆ. ಅರ್ಧ ಜಡೆಯ ಮಗಳು ಹೆದರಿ ಅಪ್ಪನನ್ನು ಕರೆಯಲು ಓಡಿದಳು. ಆ ಹೊತ್ತಿನಲ್ಲೂ, ಅಷ್ಟು ದುಃಖದ ನಡುವೆಯೂ, ನನ್ನ ಬಾಯಿಂದ ಬಂದದ್ದು ಏನು ಗೊತ್ತೇ?

"ನಿನ್ನೆ ತಾನೇ ಪರ್ಮಿಟ್ ಬಂತು. ಹೊರಡ್ತೀನಿ," ಎಂದೆ.

ಆ ಕಡೆಯಿಂದ ನರಳಿದ ಹಾಗೆ ಒಂದು ಸದ್ದು ಬಂತು. "ಎರಡು ವಾರ ಮುಂಚೆ ಬಂದಿದ್ರೆ ಅಕ್ಕ..." ಎಂದು ಫೋನಿಟ್ಟರು.

ಅಟ್ಲಾಂಟಾದಲ್ಲಿ ವಿಮಾನ ಬದಲಿಸಿ ಜೊಹಾನೆಸ್‌ಬರ್ಗ್‌ನಲ್ಲಿ ಇಳಿದಾಗ ಮೂರನೆಯ ದಿನ. ದಹನ ಮುಗಿದಿತ್ತು. ಅವರೊಬ್ಬರೇ ಕರೆದೊಯ್ಯಲು ಬಂದಿದ್ದರು, ಕ್ಷೌರವಿಲ್ಲದ ಮುಖ, ಸಡಿಲವಾದ ಅಂಗಿ. ನನ್ನ ಪೆಟ್ಟಿಗೆಯನ್ನು ಹಿಂದೆ ಇಟ್ಟು, ಕಾರಿನಲ್ಲಿ ಕೂತರು, ಆದರೆ ಕೀಲಿ ತಿರುಗಿಸಲಿಲ್ಲ.

"ಒಂದು ವಿಷಯ ಹೇಳ್ಬೇಕು ಅಕ್ಕ. ಅವಳಿಗೆ ಎಲ್ಲಾ ಗೊತ್ತಿತ್ತು. ಮೇ ತಿಂಗಳಲ್ಲೇ ಇಲ್ಲಿನ ಡಾಕ್ಟರು ನೇರವಾಗಿ ಅವಳಿಗೇ ಹೇಳಿದಾರೆ, ನಾನು ಇಲ್ಲದ ಹೊತ್ತಲ್ಲಿ. ಇಲ್ಲಿ ಹಾಗೇ, ಕಾಯಿಲೆಯವರಿಗೇ ಹೇಳ್ತಾರೆ. ನನ್ನ ಅಲ್ಸರ್ ಕಥೇನ ಅವಳು ನನಗೋಸ್ಕರ ಕೇಳಿಸ್ಕೊಳ್ತಾ ಇದ್ಲು. ಕೊನೇ ವಾರ ಹೇಳಿದ್ಲು."

ನಾನು ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ಎಳೆದು ಮುಚ್ಚಿದೆ.

"ಅಕ್ಕನ್ನ ಒಂದ್ಸಲ ನೋಡಬೇಕು ಅನ್ನೋದೊಂದೇ ಆಸೆ ಇತ್ತು. ನೀನೇ ಬಾಯಿಬಿಟ್ಟು ಕರೀಬಹುದಿತ್ತಲ್ಲ ಅಂದೆ. ಪರ್ಮಿಟ್ ಇಲ್ದೆ ಓಡಿ ಬಂದ್ಬಿಡ್ತಾಳೆ, ಅವಳ ಸಂಸಾರ ಹಾಳಾಗತ್ತೆ ಅಂದ್ಲು. ನರ್ಸುಗಳಿಗೆಲ್ಲಾ ಹೇಳ್ತಿದ್ಲು, ಆ ಒಂದು ಕಾಗದ ಬಂದ್ರೆ ಸಾಕು, ನಮ್ಮಕ್ಕ ಮರುದಿನವೇ ಬಂದು ನಿಲ್ತಾಳೆ ಅಂತ. ದಿನಾ ಬೆಳಿಗ್ಗೆ ಆ ನರ್ಸುಗಳು ಅವಳನ್ನ ಕೇಳೋರು, ನಿಮ್ಮಕ್ಕನಿಗೆ ಪೇಪರ್ ಬಂತಾ ಅಂತ."

ಪಕ್ಕದ ಸಾಲಿನಲ್ಲಿ ಯಾರೋ ಟ್ರಾಲಿಗಳನ್ನು ಒಂದರೊಳಗೊಂದು ತಳ್ಳುತ್ತಿದ್ದರು. ತಂಗಿಯ ಗಂಡ ಕಣ್ಣೊರೆಸಿಕೊಂಡು ನನ್ನ ಕಡೆ ಕೈ ಚಾಚಿದರು.

"ಇದೆಯಾ ನಿಮ್ಮ ಹತ್ರ? ಒಂದ್ಸಲ ತೋರಿಸಿ. ಅಷ್ಟು ಕಾದ್ಲಲ್ಲ ಅದಕ್ಕೆ, ಹೇಗಿರತ್ತೆ ಅಂತ ನೋಡ್ತೀನಿ."

ಇಲ್ಲ ಎನ್ನಬಹುದಿತ್ತು. ಪೆಟ್ಟಿಗೆಯಲ್ಲಿದೆ, ಆಮೇಲೆ ಕೊಡುತ್ತೇನೆ ಎನ್ನಬಹುದಿತ್ತು. ಇಷ್ಟು ತಿಂಗಳು ಬಾಯಿಗೆ ಬಂದ ಸುಳ್ಳುಗಳಲ್ಲಿ ಒಂದೂ ಆಗ ಬರಲಿಲ್ಲ. ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು, ಅದರೊಳಗಿನ ಹಾಳೆಯನ್ನು ಬಿಡಿಸಿ ಅವರ ಕೈಗೆ ಕೊಟ್ಟೆ.

ಅವರು ಫೋಟೋ ನೋಡಿದರು. ಸಾಲುಗಳನ್ನು ನಿಧಾನವಾಗಿ ಓದಿದರು. ಮುದ್ರೆಯ ಬಳಿ ಬೆರಳು ನಿಂತಿತು. ಅಲ್ಲಿ ಜುಲೈ ತಿಂಗಳ ತಾರೀಕಿತ್ತು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

ಆಮೇಲೆ ಹಾಳೆಯನ್ನು ಇದ್ದ ಮಡಿಕೆಗಳಲ್ಲೇ ಮಡಚಿ ನನ್ನ ತೊಡೆಯ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

"ಬೆಲ್ಟ್ ಹಾಕ್ಕೊಳ್ಳಿ ಅಕ್ಕ," ಎಂದು ಕಾರು ಹೊರಡಿಸಿದರು.